ರೆಸ್ಕ್ಯೂ ಬ್ಯಾಸೆಟ್ ಹೌಂಡ್ ದತ್ತು ತಗೊಳ್ಳೋದು: ಅರ್ಜಿಯಿಂದ ಮೊದಲ ವರ್ಷದವರೆಗೆ

ನಮ್ಮ ಬ್ಯಾಸೆಟ್ ನಾಯಿ ಹೇಜಲ್ ಮನೆಗೆ ಬಂದಾಗ ಅವಳಿಗೆ ಏಳು ವರ್ಷ. ಕಾರಿನಿಂದ ಇಳಿಸಿ ಬಾಗಿಲ ಒಳಗೆ ಬಿಟ್ಟರೆ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಮೂಗನ್ನು ನೆಲಕ್ಕಿಟ್ಟು, ಚಪ್ಪಲಿ ಗೂಡಿನಿಂದ ಶುರುಮಾಡಿ, ಗೋಡೆಯ ಅಂಚು ಹಿಡಿದು ಒಂದೊಂದೇ ಕೋಣೆಯನ್ನು ಮೂಸುತ್ತಾ ಹೋದಳು. ಕಿವಿಗಳು ಎರಡೂ ಕಡೆ ನೆಲ ಗುಡಿಸುತ್ತಿದ್ದವು. ದೇವರ ಗೂಡಿನ ಕೆಳಗೆ ಊದುಬತ್ತಿಯ ಬೂದಿ ಬಿದ್ದಿದ್ದ ಜಾಗದಲ್ಲಿ ತುಂಬಾ ಹೊತ್ತು ನಿಂತಳು. ಸುಮಾರು ನಲವತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಮುಂಬಾಗಿಲಿಗೆ ವಾಪಸು ಬಂದು, ಬಾಗಿಲ ಸಂದಿಗೆ ಮೂಗು ಒತ್ತಿ ಮಲಗಿದಳು. ಆ ರಾತ್ರಿಯೆಲ್ಲ ಅಲ್ಲಿಂದ ಅಲುಗಲಿಲ್ಲ.

ಅವತ್ತು ನನಗೆ ಪಾಪ ಅನ್ನಿಸಿತ್ತು. ಮೂರು ವರ್ಷ ಅವಳ ಜೊತೆ ಕಳೆದ ಮೇಲೆ ಗೊತ್ತಾಗಿದೆ, ಬ್ಯಾಸೆಟ್‌ಗೆ ನಮ್ಮ ಮರುಕದಿಂದ ಆಗಬೇಕಾದ್ದು ಏನೂ ಇಲ್ಲ. ಅದರ ಮೂಗು, ಕಿವಿ, ಬೆನ್ನು ಈ ಮೂರನ್ನೂ ಅರಿತು ಮನೆಯನ್ನು ಅಣಿಮಾಡುವ ಜನ ಬೇಕು, ಆಮೇಲೆ ಕಾಯುವ ತಾಳ್ಮೆ ಬೇಕು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ರೆಸ್ಕ್ಯೂ ನಾಯಿ (ಮನೆ ತಪ್ಪಿದ ಮೇಲೆ ಯಾರೋ ಕಾಪಾಡಿ ಹೊಸ ಮನೆ ಹುಡುಕುತ್ತಿರುವ ನಾಯಿ) ತಗೊಳ್ಳಬೇಕು ಅಂದುಕೊಳ್ಳುವವರು ಹೆಚ್ಚುತ್ತಿದ್ದಾರೆ, ನನ್ನನ್ನು ಕೇಳುವವರೂ ಇದ್ದಾರೆ. ಅವರಿಗಾಗಿ ಇಲಿನಾಯ್ ರಾಜ್ಯದ ನಮ್ಮ ಅನುಭವವನ್ನು ಆಧಾರವಾಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಇದು ಎಂಥಾ ನಾಯಿ ಅಂತ ಮೊದಲು ತಿಳಿದುಕೊಳ್ಳಿ

ಬ್ಯಾಸೆಟ್ ಅನ್ನುವ ಹೆಸರು ಫ್ರೆಂಚ್‌ನಿಂದ ಬಂದದ್ದು, ತಗ್ಗು ಅನ್ನುವ ಅರ್ಥದ ಪದದಿಂದ. 16ನೇ ಶತಮಾನದ ಫ್ರೆಂಚ್ ಬೇಟೆ ಗ್ರಂಥಗಳಲ್ಲೇ ಈ ಗಿಡ್ಡ ಕಾಲಿನ ನಾಯಿಗಳ ಪ್ರಸ್ತಾಪವಿದೆ. ಕುದುರೆ ಇಲ್ಲದೆ ನಡೆದೇ ಮೊಲದ ಬೇಟೆಗೆ ಹೋಗುವವರಿಗೆ ಹೆಜ್ಜೆಗೆ ಹೆಜ್ಜೆ ಹೊಂದುವ ನಾಯಿ ಬೇಕಿತ್ತು. ನಾಯಿ ತಳಿಗಳನ್ನು ದಾಖಲಿಸುವ ಅಮೆರಿಕನ್ ಕೆನಲ್ ಕ್ಲಬ್ ಈ ತಳಿಯನ್ನು 1885ರಲ್ಲಿ ಮಾನ್ಯ ಮಾಡಿತು. ನಮ್ಮ ಮುಧೋಳ ನಾಯಿಯನ್ನು ನೆನಪಿಸಿಕೊಂಡರೆ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ, ದೂರದಲ್ಲಿ ಮೊಲ ಕಂಡರೆ ಬಾಣದ ಹಾಗೆ ಹಾರುತ್ತದೆ. ಬ್ಯಾಸೆಟ್ ತಲೆಯನ್ನೇ ಎತ್ತುವುದಿಲ್ಲ. ನಿನ್ನೆ ರಾತ್ರಿ ಮೊಲ ಹೋದ ದಾರಿ ಇವತ್ತು ಬೆಳಗ್ಗೆ ಅದಕ್ಕೆ ಬರೆದಿಟ್ಟ ಹಾಗೆ ಸಿಗುತ್ತದೆ. ವಾಸನೆ ಹಿಡಿಯುವುದರಲ್ಲಿ ಬ್ಲಡ್‌ಹೌಂಡ್ ನಂತರದ ಸ್ಥಾನ ಇದಕ್ಕೇ ಎಂದು ತಳಿ ಬಲ್ಲವರು ಹೇಳುತ್ತಾರೆ.

ಇಲ್ಲಿನ ತಳಿ ಮಾನದಂಡದ ಪ್ರಕಾರ ಭುಜದ ಎತ್ತರ 15 ಇಂಚು ದಾಟಬಾರದು. ತೂಕ ಮಾತ್ರ 40ರಿಂದ 65 ಪೌಂಡ್, ಅಂದರೆ 18ರಿಂದ 29 ಕಿಲೋ. ಫೋಟೋ ನೋಡಿ ಮಡಿಲಲ್ಲಿ ಕೂರಿಸಿಕೊಳ್ಳುವ ನಾಯಿ ಅಂದುಕೊಂಡು ಬಂದವರು ಇಲ್ಲೇ ಮೊದಲು ಎಡವುತ್ತಾರೆ. ಎಲುಬು ದಪ್ಪ, ಎದೆ ಭಾರ, ಪಾದ ದೊಡ್ಡದು. ಕಾಲು ಮಾತ್ರ ಗಿಡ್ಡ, ಅಷ್ಟೇ. ಎಫ್‌ಜಿಎಫ್4 ಅನ್ನುವ ಜೀನ್‌ನ ಹೆಚ್ಚುವರಿ ಪ್ರತಿಯೊಂದು ಈ ಗಿಡ್ಡತನಕ್ಕೆ ಕಾರಣ ಎಂದು 2009ರಲ್ಲಿ ಗೊತ್ತಾಯಿತು. ಡ್ಯಾಷ್‌ಹುಂಡ್, ಕೋರ್ಗಿಗಳದ್ದೂ ಇದೇ ಕಥೆ. ಆಯಸ್ಸು ಸಾಮಾನ್ಯವಾಗಿ 12–13 ವರ್ಷ.

ಇನ್ನು ಮನಸ್ಸು ಗಟ್ಟಿಮಾಡಿಕೊಳ್ಳಬೇಕಾದ ಸಂಗತಿಗಳು. ಕೂದಲು ವರ್ಷವಿಡೀ ಉದುರುತ್ತದೆ. ಜೊಲ್ಲು ಸುರಿಯುತ್ತದೆ, ತಲೆ ಕೊಡವಿದರೆ ಗೋಡೆಗೂ ಸಿಡಿಯುತ್ತದೆ. ಮೈಗೆ ಹೌಂಡ್‌ಗಳದ್ದೇ ಆದ ಒಂದು ವಾಸನೆ ಇದೆ, ಎಷ್ಟು ಸ್ನಾನ ಮಾಡಿಸಿದರೂ ಪೂರ್ತಿ ಹೋಗುವುದಿಲ್ಲ. ಕೂಗು ದೂರಕ್ಕೆ ಕೇಳುತ್ತದೆ. ಅದು ಬೊಗಳುವುದಲ್ಲ, ಎದೆಯಾಳದಿಂದ ಎಳೆದು ಹೊರಡಿಸುವ ದನಿ. ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಗೋಡೆ ಹಂಚಿಕೊಂಡಿದ್ದರೆ ಇದನ್ನು ಮೊದಲೇ ಯೋಚಿಸಿ.

ಹೆಜ್ಜೆ 2: ಇವು ರೆಸ್ಕ್ಯೂಗೆ ಯಾಕೆ ಬರುತ್ತವೆ ಅಂತ ಕೇಳಿಕೊಳ್ಳಿ

ಮೇಲೆ ಹೇಳಿದ ಕೂಗು, ಜೊಲ್ಲು, ಹಟ ಇವೇ ಅರ್ಧ ಕಾರಣ. ಮರಿಯಾಗಿದ್ದಾಗ ಕಿವಿ ತುಳಿದುಕೊಂಡು ಬೀಳುವ ಚಂದಕ್ಕೆ ಮರುಳಾಗಿ ತಂದವರು ಎರಡು ವರ್ಷದ ಹೊತ್ತಿಗೆ ಸಾಕಾಗಿ ಬಿಟ್ಟುಕೊಡುತ್ತಾರೆ. ಇನ್ನು ಕೆಲವು ನಾಯಿಗಳು, ಮಾಲೀಕರು ತೀರಿಕೊಂಡೋ ವೃದ್ಧಾಶ್ರಮಕ್ಕೆ ಹೋಗಿಯೋ ಅನಾಥವಾದವು. ಮರಿ ಹಾಕಿಸುವುದಕ್ಕೇ ಗೂಡಿನಲ್ಲಿಟ್ಟಿದ್ದ ಹೆಣ್ಣು ನಾಯಿಗಳು ಬರುತ್ತವೆ. ಅವಕ್ಕೆ ಹುಲ್ಲು, ಮೆಟ್ಟಿಲು, ಟಿವಿ ಯಾವುದೂ ಗೊತ್ತಿರುವುದಿಲ್ಲ. ವಾಸನೆ ಹಿಡಿದು ಹೋಗಿ ದಾರಿ ತಪ್ಪಿದವೂ ಇರುತ್ತವೆ. ಚಿಕಿತ್ಸೆಯ ಖರ್ಚು ಭರಿಸಲಾಗದೆ ಬಿಟ್ಟವೂ ಉಂಟು.

ಯಾವ ಹಿನ್ನೆಲೆಯ ನಾಯಿ ಅನ್ನುವುದರ ಮೇಲೆ ನಿಮ್ಮ ಮೊದಲ ವರ್ಷ ಹೇಗಿರುತ್ತದೆ ಅನ್ನುವುದು ನಿಂತಿದೆ. ವಯಸ್ಸಾದವರ ಮನೆಯಲ್ಲಿ ಬೆಳೆದ ಎಂಟು ವರ್ಷದ ನಾಯಿ ಒಂದು ತಿಂಗಳಲ್ಲಿ ನಿಮ್ಮದಾಗಬಹುದು. ಗೂಡಿನಿಂದ ಬಂದದ್ದಕ್ಕೆ ವರ್ಷವೇ ಹಿಡಿಯಬಹುದು. ಮೊದಲ ಸಲ ನಾಯಿ ಸಾಕುವವರಿಗೆ ನಾನು ಆರು ವರ್ಷ ದಾಟಿದ ಬ್ಯಾಸೆಟ್ಟನ್ನೇ ಹೇಳುತ್ತೇನೆ. ವಯಸ್ಸಾದವುಗಳಿಗೆ ಮನೆ ಸಿಗುವುದು ಕಷ್ಟ, ಸ್ವಭಾವ ಏನು ಅನ್ನುವುದೂ ಆಗಲೇ ತಿಳಿದಿರುತ್ತದೆ.

ಹೆಜ್ಜೆ 3: ಅರ್ಜಿ, ಮನೆ ಭೇಟಿ, ಕರಾರು

ಅಮೆರಿಕದ ಹಲವು ರಾಜ್ಯಗಳಲ್ಲಿ ಬ್ಯಾಸೆಟ್‌ಗಳಿಗೇ ಮೀಸಲಾದ ಸ್ವಯಂಸೇವಾ ಗುಂಪುಗಳಿವೆ. ಇಲಿನಾಯ್‌ನ ಡ್ವೈಟ್ ಊರಿನ ಸುತ್ತ ಕೆಲಸ ಮಾಡುವ ಗಾರ್ಡಿಯನ್ ಏಂಜಲ್ ಬ್ಯಾಸೆಟ್ ರೆಸ್ಕ್ಯೂ, ಪೂರ್ವದಲ್ಲಿ ಟ್ರೈ-ಸ್ಟೇಟ್ ಬ್ಯಾಸೆಟ್ ಹೌಂಡ್ ರೆಸ್ಕ್ಯೂ, ಕ್ಯಾಲಿಫೋರ್ನಿಯಾದ ಆ್ಯಕ್ಟನ್‌ನಲ್ಲಿ ಡ್ಯಾಫ್ನಿಲ್ಯಾಂಡ್ ಹೀಗೆ. ಎಷ್ಟೋ ಗುಂಪುಗಳಿಗೆ ಸ್ವಂತ ಕಟ್ಟಡವೇ ಇರುವುದಿಲ್ಲ. ನಾಯಿಗಳು ಸ್ವಯಂಸೇವಕರ ಮನೆಗಳಲ್ಲಿ ಬೆಳೆಯುತ್ತವೆ, ಇದಕ್ಕೆ ಫಾಸ್ಟರ್ ಮನೆ ಅನ್ನುತ್ತಾರೆ. ಇದು ನಿಮಗೇ ಒಳ್ಳೆಯದು, ಆ ನಾಯಿ ಸೋಫಾ ಹತ್ತುತ್ತದೋ, ಮಕ್ಕಳನ್ನು ಸಹಿಸುತ್ತದೋ ಅನ್ನುವುದನ್ನು ನೋಡಿದವರು ಒಬ್ಬರಿರುತ್ತಾರೆ.

ಅರ್ಜಿ ಉದ್ದ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮನೆ ಸ್ವಂತದ್ದೋ ಬಾಡಿಗೆಯದೋ, ಬೇಲಿ ಇದೆಯೇ, ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿಯಾಗಿರುತ್ತದೆ, ಹಿಂದೆ ಸಾಕಿದ ನಾಯಿ ಏನಾಯಿತು ಅಂತೆಲ್ಲ ಕೇಳುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಮೊದಲೇ ಇಟ್ಟುಕೊಳ್ಳಿ. ಈ ಹಿಂದೆ ನಾಯಿ ಸಾಕಿಲ್ಲದಿದ್ದರೆ ಸಾಕಿಲ್ಲ ಅಂತಲೇ ಬರೆಯಿರಿ. ನಾನೂ ಹಾಗೇ ಬರೆದಿದ್ದೆ. ಊರಿಗೆ ಹೋಗುವ ವಿಷಯ ಮಾತ್ರ ಮುಚ್ಚಿಡಬೇಡಿ. ನಾವು ಎರಡು ವರ್ಷಕ್ಕೊಮ್ಮೆ ನಾಲ್ಕು ವಾರ ಊರಿಗೆ ಹೋಗುವವರು. ಆಗ ನಾಯಿಯನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆಗೆ ಅರ್ಜಿ ಹಾಕುವ ಮೊದಲೇ ಉತ್ತರ ಇರಬೇಕು. ನಮ್ಮ ಬೀದಿಯ ಒಂದು ಕುಟುಂಬ ಒಪ್ಪಿಕೊಂಡ ಮೇಲೇ ನಾವು ಅರ್ಜಿ ಕಳಿಸಿದ್ದು.

ಮನೆ ಭೇಟಿಗೆ ಬಂದವರು ಕಪಾಟು ನೋಡಲು ಬರುವುದಿಲ್ಲ. ಬೇಲಿಯ ಬುಡದಲ್ಲಿ ಸಂದಿ ಇದೆಯೇ, ಮೆಟ್ಟಿಲು ಎಷ್ಟು, ಈಜುಕೊಳ ಇದೆಯೇ ಅಂತ ನೋಡುತ್ತಾರೆ. ಕೊಳದ ಪ್ರಶ್ನೆ ಗಂಭೀರವಾದದ್ದು. ಮೈಭಾರವೆಲ್ಲ ಮುಂದೆಯೇ ಇರುವುದರಿಂದ, ಕಾಲೂ ಗಿಡ್ಡವಾದ್ದರಿಂದ ಬ್ಯಾಸೆಟ್‌ಗೆ ನೀರಿನಲ್ಲಿ ತಲೆ ಮೇಲಿಟ್ಟುಕೊಳ್ಳುವುದೇ ಕಷ್ಟ. ಕೊಳಕ್ಕೆ ಪ್ರತ್ಯೇಕ ಬೇಲಿ ಇಲ್ಲದ ಮನೆಗೆ ಕೊಡಲು ಗುಂಪುಗಳು ಹಿಂದೇಟು ಹಾಕುವುದು ಸರಿಯಾಗಿಯೇ ಇದೆ.

ಶುಲ್ಕ ಕೆಲವು ನೂರು ಡಾಲರ್ ಇರುತ್ತದೆ, ವಯಸ್ಸಾದ ನಾಯಿಗೆ ಕಡಿಮೆ. ಸಂತಾನಹರಣ, ಲಸಿಕೆ, ಮೈಕ್ರೋಚಿಪ್ (ಗುರುತಿಗೆ ಚರ್ಮದಡಿ ಇಡುವ ಚಿಪ್), ಹಾರ್ಟ್‌ವರ್ಮ್ (ಹೃದಯದ ಹುಳು) ಪರೀಕ್ಷೆಗೆ ಅವರು ಖರ್ಚುಮಾಡುವುದು ಎಷ್ಟೋ ಸಲ ಇದಕ್ಕಿಂತ ಹೆಚ್ಚು. ಕರಾರಿನಲ್ಲಿ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಸಾಕಲು ಆಗದಿದ್ದರೆ ನಾಯಿಯನ್ನು ಬೇರೆಯವರಿಗೆ ಕೊಡದೆ ತಮಗೇ ಒಪ್ಪಿಸಬೇಕು. ಇದನ್ನು ಅವಮಾನ ಅಂತ ತಿಳಿಯಬೇಡಿ. ಒಂದು ಸಲ ಮನೆ ಕಳೆದುಕೊಂಡ ಜೀವಕ್ಕೆ ಅವರು ಮಾಡಿಟ್ಟ ಜಾಮೀನು ಅದು.

ಹೆಜ್ಜೆ 4: ಫಾಸ್ಟರ್ ಮನೆಯವರನ್ನು ಕೇಳಲೇಬೇಕಾದ ಮಾತುಗಳು

ಕಿವಿಗೆ ಎಷ್ಟು ಸಲ ಸೋಂಕು ಬಂದಿದೆ, ಯಾವ ಔಷಧ ಹಾಕಿದ್ದರು? ಬೆನ್ನು ನೋವು ಎಂದಾದರೂ ಕಾಣಿಸಿತ್ತೇ? ಕಣ್ಣಿನ ಒತ್ತಡ ಪರೀಕ್ಷೆ ಆಗಿದೆಯೇ? ಬ್ಯಾಸೆಟ್‌ಗಳಲ್ಲಿ ಗ್ಲುಕೋಮಾ ವಂಶಪಾರಂಪರ್ಯವಾಗಿ ಬರುತ್ತದೆ, ಆದ್ದರಿಂದ ಈ ಪ್ರಶ್ನೆ. ಊಟದ ತಟ್ಟೆ ಬಳಿ ಹೋದರೆ ಗುರ್ ಅನ್ನುತ್ತದೆಯೇ? ಸೋಫಾದಿಂದ ಇಳಿಸಲು ಹೋದರೆ? ಒಂಟಿಯಾಗಿ ಬಿಟ್ಟಾಗ ಕೂಗುತ್ತದೆಯೇ?

ಹಾರ್ಟ್‌ವರ್ಮ್ ಬಗ್ಗೆ ಒಂದು ಮಾತು. ಇದು ಸೊಳ್ಳೆಯಿಂದ ಹರಡುವ ಹುಳು, ದಕ್ಷಿಣದ ರಾಜ್ಯಗಳಿಂದ ಬರುವ ನಾಯಿಗಳಲ್ಲಿ ಹೆಚ್ಚು. ಚಿಕಿತ್ಸೆ ಇದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ನಾಯಿಯನ್ನು ಓಡಲು ಬಿಡುವ ಹಾಗಿಲ್ಲ, ಸಾಯುವ ಹುಳುಗಳ ತುಣುಕು ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಳ್ಳುವ ಭಯ. ಹಾರ್ಟ್‌ವರ್ಮ್ ಇದ್ದ ನಾಯಿ ಅಂತ ಬೇಡ ಅನ್ನಬೇಡಿ, ಚಿಕಿತ್ಸೆ ಎಲ್ಲಿಯವರೆಗೆ ಬಂದಿದೆ ಅಂತ ಕೇಳಿ.

ಬರುವಾಗ ಒಂದು ವಸ್ತು ಬೇಡಿ ತನ್ನಿ: ಅದು ಮಲಗುತ್ತಿದ್ದ ಹೊದಿಕೆ, ಒಗೆಯದೇ ಇದ್ದದ್ದು. ನಾವು ತಂದಿರಲಿಲ್ಲ. ಹೇಜಲ್ ಮೊದಲ ರಾತ್ರಿ ಬಾಗಿಲ ಸಂದಿಗೆ ಮೂಗೊತ್ತಿ ಮಲಗಿದ್ದು ಅದಕ್ಕೇ ಅಂತ ಈಗ ಅನ್ನಿಸುತ್ತದೆ. ನಾಲ್ಕನೇ ದಿನ ಫಾಸ್ಟರ್ ಮನೆಯವರು ಆ ಹಳೇ ಕಂಬಳಿಯನ್ನು ಕಳಿಸಿಕೊಟ್ಟರು. ಹಾಸಿದ ತಕ್ಷಣ ಅದರ ಮೇಲೆ ಮೂರು ಸುತ್ತು ತಿರುಗಿ, ದೊಡ್ಡದಾಗಿ ಉಸಿರುಬಿಟ್ಟು, ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಿದಳು.

ಹೆಜ್ಜೆ 5: ನಾಯಿ ಬರುವ ಮೊದಲೇ ಮನೆ ಅಣಿಮಾಡಿ

ನುಣುಪಾದ ಮರದ ನೆಲ, ಟೈಲ್ಸ್ ಇದ್ದಲ್ಲಿ ಜಾರದ ಚಾಪೆ ಅಥವಾ ರಗ್ಗು ಹಾಸಿ, ಓಡಾಡುವ ದಾರಿಯುದ್ದಕ್ಕೂ. ಜಾರಿದರೆ ಏಟು ಬೀಳುವುದು ಬೆನ್ನಿಗೆ. ಸೋಫಾಕ್ಕೆ, ಕಾರಿಗೆ ಇಳಿಜಾರು ಹಲಗೆ ಬೇಕು. ಹತ್ತುವುದಕ್ಕಿಂತ ಹಾರಿ ಇಳಿಯುವುದು ಹೆಚ್ಚು ಅಪಾಯ. ಮೆಟ್ಟಿಲಿಗೆ ಮಕ್ಕಳ ಗೇಟು. ಹಾಸಿಗೆ ದಪ್ಪ ಫೋಮಿನದ್ದು, ಭಾರದ ನಾಯಿಯ ಮೊಣಕೈ ಬೇಗ ಜಡ್ಡುಗಟ್ಟುತ್ತದೆ. ನೀರಿನ ಬಟ್ಟಲು ಬಾಯಿ ಕಿರಿದಾಗಿ ಆಳವಾಗಿರಲಿ, ಆಗ ಕಿವಿಗಳು ಹೊರಗೇ ಜೋತು ಒಣಗಿರುತ್ತವೆ.

ಅಡುಗೆಮನೆ ಕಟ್ಟೆಯನ್ನು ನಂಬಬೇಡಿ. ಗಿಡ್ಡ ನಾಯಿಗೆ ಎಲ್ಲಿ ಎಟುಕುತ್ತದೆ ಅಂದುಕೊಳ್ಳುತ್ತೇವೆ. ಹಿಂಗಾಲ ಮೇಲೆ ನಿಂತರೆ ಆ ಉದ್ದ ಮೈ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದನ್ನು ಒಂದು ಗಣೇಶ ಹಬ್ಬದ ದಿನ ನಾವು ನೋಡಿದೆವು. ನಾನು ಕೇಸರಿಬಾತ್ ಪಾತ್ರೆಯನ್ನು ಕಟ್ಟೆಯ ಅಂಚಿಗಿಟ್ಟು ಫೋನ್ ತಗೊಳ್ಳಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಪಾತ್ರೆ ನೆಲದ ಮೇಲೆ, ಅದರಲ್ಲಿದ್ದ ಒಣದ್ರಾಕ್ಷಿ ಅವಳ ಹೊಟ್ಟೆಯಲ್ಲಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಎಷ್ಟು ತಿಂದರೆ ಅಪಾಯ ಅನ್ನುವ ಲೆಕ್ಕ ಒಂದೊಂದು ನಾಯಿಗೆ ಒಂದೊಂದು ಥರ. ತಕ್ಷಣ ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷ ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿದೆ (888-426-4435, ದಿನದ 24 ಗಂಟೆಯೂ ಸಿಗುತ್ತಾರೆ, ಶುಲ್ಕ ಇದೆ). ಅವರು ಹೇಳಿದಂತೆ ಆಸ್ಪತ್ರೆಗೆ ಕರೆದೊಯ್ದು ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿಸಿದೆವು. ಉಳಿದಳು. ಆ ಎರಡು ದಿನ ನಾನು ಅನ್ನ ನುಂಗಿದ್ದು ನೆನಪಿಲ್ಲ.

ನಮ್ಮ ಅಡುಗೆಮನೆಯಲ್ಲಿ ನಾಯಿಗೆ ಆಗದವು ಬೇಕಾದಷ್ಟಿವೆ, ಮನೆಯವರೆಲ್ಲರಿಗೂ ತಿಳಿಸಿಬಿಡಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿದ್ದರೂ ಬೆಂದಿದ್ದರೂ ರಕ್ತಕಣ ಒಡೆಯುತ್ತವೆ. ಹಾಗಾಗಿ ಸಾಂಬಾರ್ ಅನ್ನ, ಪಲ್ಯ, ಒಗ್ಗರಣೆ ಬಿದ್ದ ಯಾವುದೂ ಬೇಡ. ಚಾಕೊಲೇಟ್ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಸ್ವಲ್ಪವೇ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ, ಕೈಚೀಲವನ್ನು ನೆಲಕ್ಕಿಡಬೇಡಿ. ಖಾರ, ಉಪ್ಪು ಇಲ್ಲದ ಒಂದೆರಡು ತುತ್ತು ಮೊಸರನ್ನಕ್ಕೆ ತೊಂದರೆಯಿಲ್ಲ.

ಹೆಜ್ಜೆ 6: ಮೂರು ದಿನ, ಮೂರು ವಾರ, ಮೂರು ತಿಂಗಳು

ರೆಸ್ಕ್ಯೂ ಮಾಡುವವರೆಲ್ಲ ಹೇಳುವ ಲೆಕ್ಕ ಇದು. ಮೊದಲ ಮೂರು ದಿನ ನಾಯಿಗೆ ದಿಕ್ಕು ತೋಚುವುದಿಲ್ಲ, ಮೂರು ವಾರದಲ್ಲಿ ಮನೆಯ ದಿನಚರಿ ಅರ್ಥವಾಗುತ್ತದೆ, ಮೂರು ತಿಂಗಳಲ್ಲಿ ಇದು ನನ್ನ ಮನೆ ಅನ್ನಿಸುತ್ತದೆ. ಕರಾರುವಾಕ್ಕಾದ ಪಂಚಾಂಗ ಅಲ್ಲ, ಆದರೆ ಅವಸರ ಮಾಡುವವರನ್ನು ತಡೆಯಲು ಒಳ್ಳೆಯದು.

ಮೊದಲ ವಾರ ನೆಂಟರನ್ನು ಕರೆಯಬೇಡಿ. ನಮ್ಮವರಿಗೆ ಇದು ಕಷ್ಟ, ಹೊಸ ನಾಯಿ ಬಂತಂತೆ ಅಂತ ನಾಲ್ಕು ಸಂಸಾರ ಶನಿವಾರ ಸಂಜೆ ಬಾಗಿಲಲ್ಲಿ ನಿಲ್ಲುತ್ತವೆ. ಒಂದು ತಿಂಗಳು ಬಿಟ್ಟು ಬನ್ನಿ ಅಂತ ಹೇಳಿ. ಸ್ನಾನವನ್ನೂ ಮುಂದೂಡಿ, ತನ್ನ ಮೈಯ ವಾಸನೆಯೊಂದೇ ಅದಕ್ಕೆ ಆ ಮನೆಯಲ್ಲಿ ಪರಿಚಯ ಇರುವುದು. ಊಟ, ವಾಕಿಂಗ್, ಮಲಗುವ ಹೊತ್ತು ಪ್ರತಿದಿನ ಒಂದೇ ಆಗಿರಲಿ. ಮಕ್ಕಳು ನಾಯಿಯ ಹಾಸಿಗೆಗೆ ಹೋಗದೆ, ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಅದೇ ಬರಲಿ ಅಂತ ಕಾಯಲಿ.

ಹಳೇ ಹೆಸರನ್ನೇ ಇಟ್ಟುಕೊಂಡೆವು. ಊರಿಂದ ಬಂದಿದ್ದ ಅಮ್ಮ ಎರಡನೇ ದಿನವೇ ಹೇಜಮ್ಮ ಮಾಡಿಬಿಟ್ಟರು, ಅದಕ್ಕೂ ಕಿವಿಗೊಟ್ಟಳು. ಆದರೆ ಆಜ್ಞೆಯ ಮಾತು ಮನೆಮಂದಿಗೆಲ್ಲ ಒಂದೇ ಇರಬೇಕು. ನಾನು ‘ಬಾ’, ಮಗ ‘ಕಮ್’, ಅಮ್ಮ ‘ಬಾರೇ ಇಲ್ಲಿ’ ಅಂತಿದ್ದರೆ ನಾಯಿ ಏನು ಮಾಡಬೇಕು? ‘ಬಾ’, ‘ಬಿಡು’, ‘ಕೂತ್ಕೋ’ ಅಂತ ಮೂರು ಪದ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದೆವು.

ಮಲಮೂತ್ರದ ಅಭ್ಯಾಸದಲ್ಲಿ ಬ್ಯಾಸೆಟ್‌ಗಳು ನಿಧಾನ. ಎದ್ದ ಕೂಡಲೇ, ಉಂಡ ಕೂಡಲೇ, ಮಲಗುವ ಮೊದಲು ಹೊರಗೆ ಕರೆದೊಯ್ಯಿರಿ, ಕೆಲಸ ಮುಗಿಸಿದ ಜಾಗದಲ್ಲೇ ಒಂದು ತುಣುಕು ತಿಂಡಿ ಕೊಡಿ. ಒಳಗೆ ಆದರೆ ಗದರಬೇಡಿ. ಎಂಜೈಮ್ ಇರುವ ಕ್ಲೀನರ್‌ನಿಂದ ವಾಸನೆಯನ್ನು ಪೂರ್ತಿ ತೆಗೆಯಿರಿ, ನಿಮ್ಮ ಮೂಗಿಗೆ ಹೋಯಿತು ಅನ್ನಿಸಿದರೂ ಅದರ ಮೂಗಿಗೆ ಹೋಗಿರುವುದಿಲ್ಲ.

ಹೆಜ್ಜೆ 7: ಕಿವಿ

ಈ ತಳಿಯ ಆರೈಕೆಯಲ್ಲಿ ಅರ್ಧ ಪಾಲು ಕಿವಿಯದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜೋತುಬಿದ್ದ ಭಾರದ ಕಿವಿಯೊಳಗೆ ಗಾಳಿ ಆಡುವುದಿಲ್ಲ. ಬೆಚ್ಚಗೆ, ತೇವವಾಗಿರುವ ಆ ನಾಳ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ.

ಮೊದಲು ಮೂಸಿ ನೋಡಿ. ಆರೋಗ್ಯದ ಕಿವಿಗೆ ಹೆಚ್ಚೇನೂ ವಾಸನೆ ಇರುವುದಿಲ್ಲ. ಹುಳಿಬಂದ ದೋಸೆಹಿಟ್ಟಿನಂಥ ವಾಸನೆ ಬಂದರೆ, ಕಂದು ಮೇಣದಂಥದ್ದು ಕಂಡರೆ, ಒಳಗೆ ಕೆಂಪಾಗಿದ್ದರೆ, ಮುಟ್ಟಿದಾಗ ತಲೆ ಹಿಂದಕ್ಕೆ ಎಳೆದುಕೊಂಡರೆ ಮನೆಯಲ್ಲಿ ಏನೂ ಹಾಕದೆ ವೈದ್ಯರಲ್ಲಿಗೆ ಹೋಗಿ. ಕಿವಿಯ ತಮಟೆಗೆ ಪೆಟ್ಟಾಗಿದ್ದರೆ ತಪ್ಪು ಔಷಧದಿಂದ ಕೇಳಿಸುವ ಶಕ್ತಿಯೇ ಹೋಗಬಹುದು.

ಕಿವಿ ಚೆನ್ನಾಗಿದ್ದಾಗ ತೊಳೆಯುವುದು ಹೀಗೆ. ವೈದ್ಯರು ಹೇಳಿದ ಕಿವಿ ದ್ರಾವಣದ ಬಾಟಲಿಯನ್ನು ಐದು ನಿಮಿಷ ಬೆಚ್ಚನೆ ನೀರಲ್ಲಿಡಿ, ತಣ್ಣನೆಯದು ಸುರಿದರೆ ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ಕಿವಿಯ ಹಾಳೆಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಬಾಟಲಿಯ ಮೂತಿ ಒಳಗೆ ತಾಕದ ಹಾಗೆ ನಾಳ ತುಂಬುವಷ್ಟು ದ್ರಾವಣ ಬಿಡಿ. ಹಾಳೆ ಮುಚ್ಚಿ, ಕಿವಿಯ ಬುಡವನ್ನು ಹೆಬ್ಬೆರಳು-ತೋರುಬೆರಳಿನಿಂದ ಅರ್ಧ ನಿಮಿಷ ಒತ್ತಿ ತಿಕ್ಕಿ. ಪಿಚಿಪಿಚಿ ಸದ್ದು ಕೇಳಬೇಕು. ಆಮೇಲೆ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ, ತಲೆ ಕೊಡವಿ ಒಳಗಿನದ್ದನ್ನೆಲ್ಲ ಅದೇ ಹೊರಹಾಕುತ್ತದೆ. ಹೊರಬಂದದ್ದನ್ನು ಹತ್ತಿಯಿಂದ, ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಿ. ಕಿವಿಕಡ್ಡಿ ಬೇಡವೇ ಬೇಡ. ನಾವು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಮಾಡುತ್ತೇವೆ. ಅತಿಯಾಗಿ ತೊಳೆದರೂ ಚರ್ಮ ಕೆರಳುತ್ತದೆ.

ಕಾಯಿಸಿದ ಕೊಬ್ಬರಿ ಎಣ್ಣೆ ಬಿಡೋಣ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಗಾಳಿಯಾಡದ ಕಿವಿಯೊಳಗೆ ಎಣ್ಣೆ ನಿಂತರೆ ತೇವ ಇನ್ನಷ್ಟು ಉಳಿದು ಸೋಂಕು ಹೆಚ್ಚುತ್ತದೆ. ಸೋಂಕಾಗಿ ತಲೆ ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತನಾಳ ಒಡೆದು ಊದಿಕೊಳ್ಳುವುದೂ ಈ ನಾಯಿಗಳಲ್ಲಿ ಉಂಟು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹೆಜ್ಜೆ 8: ಬೆನ್ನು, ತೂಕ, ಹೊಟ್ಟೆ

ಎತ್ತಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿ. ಮುಂಗಾಲಿನ ಕಂಕುಳಲ್ಲಿ ಕೈಹಾಕಿ ಮಗುವನ್ನು ಎತ್ತುವ ಹಾಗೆ ಎತ್ತಬೇಡಿ. ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಲು ಒಲ್ಲೆ ಅಂದರೆ, ಬೆನ್ನು ಗೂನಾದರೆ, ಹಿಂಗಾಲು ತಡವರಿಸಿದರೆ, ಪಾದ ಮಗುಚಿ ನೆಲಕ್ಕೆ ಉಜ್ಜಿದರೆ ಅದು ಬೆನ್ನೆಲುಬಿನ ಡಿಸ್ಕ್ ಜಾರಿದ ಸೂಚನೆ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ಗಂಟೆಗಳ ಲೆಕ್ಕದಲ್ಲಿ ಕಾಲಿನ ಸ್ವಾಧೀನ ಹೋಗಬಹುದು.

ಬೆನ್ನನ್ನು ಉಳಿಸುವ ದೊಡ್ಡ ಉಪಾಯ ತೂಕ ಇಳಿಸುವುದು. ಪಕ್ಕೆಯ ಮೇಲೆ ಅಂಗೈ ಸವರಿದರೆ ಎಲುಬು ಬೆರಳಿಗೆ ಸಿಗಬೇಕು, ಒತ್ತಿ ಹುಡುಕುವ ಹಾಗಿರಬಾರದು. ಹೇಜಲ್ ಬಂದಾಗ 68 ಪೌಂಡ್ ಇದ್ದಳು, 54ಕ್ಕೆ ಇಳಿಸಲು ಹತ್ತು ತಿಂಗಳು ಬೇಕಾಯಿತು. ತಿಂಡಿಯನ್ನೂ ಸೇರಿಸಿ ಅಳೆದು ಹಾಕಿದೆವು. ಅಮ್ಮ ಚಪಾತಿ ಲಟ್ಟಿಸುವಾಗ ಕಾಲ ಬಳಿ ಕೂತು ಆ ಜೋಲು ಕಣ್ಣಿನಿಂದ ನೋಡಿದರೆ ಇಲ್ಲ ಅನ್ನುವುದು ಕಷ್ಟ, ಗೊತ್ತು. ಹಸಿ ಕ್ಯಾರೆಟ್, ಬೇಯಿಸಿದ ಹುರುಳಿಕಾಯಿ ಚೂರು ಪಕ್ಕದಲ್ಲೇ ಇಟ್ಟುಕೊಳ್ಳಿ. ಕೊಡುವ ಖುಷಿ ಇಬ್ಬರಿಗೂ ಉಳಿಯುತ್ತದೆ.

ಊಟ ದಿನಕ್ಕೆ ಎರಡು ಸಲ, ತಿಂದ ಮೇಲೆ ಒಂದು ಗಂಟೆ ಆಟ ಬೇಡ. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ. ಹೊಟ್ಟೆ ಬಿಗಿದು, ವಾಂತಿ ಬಂದ ಹಾಗೆ ಒದ್ದಾಡಿದರೂ ಏನೂ ಹೊರಬರದೆ, ಕೂರಲೂ ಆಗದೆ ನಿಲ್ಲಲೂ ಆಗದೆ ಚಡಪಡಿಸಿದರೆ ಅರ್ಧರಾತ್ರಿಯಾದರೂ ತುರ್ತು ಆಸ್ಪತ್ರೆಗೆ ಓಡಿ. ಕಣ್ಣು ಕೆಂಪಾಗಿ ಮಂಜಾದರೂ ಅಷ್ಟೇ ಅವಸರ. ಗ್ಲುಕೋಮಾ ಒಂದೆರಡು ದಿನದಲ್ಲಿ ದೃಷ್ಟಿ ಕಿತ್ತುಕೊಳ್ಳಬಲ್ಲದು.

ಹೆಜ್ಜೆ 9: ಮೂಗಿನ ಜೊತೆ ನಡೆಯುವುದನ್ನು ಕಲಿಯಿರಿ

ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ. ಎಂದಿಗೂ. ವಾಸನೆ ಹಿಡಿದ ಬ್ಯಾಸೆಟ್‌ಗೆ ನಿಮ್ಮ ದನಿ ಕೇಳಿಸುವುದೇ ಇಲ್ಲ, ಹೈವೇವರೆಗೂ ಮೂಗು ನೆಲದಲ್ಲೇ ಇರುತ್ತದೆ. ಕುತ್ತಿಗೆ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ, ತೆರೆದ ಮೈದಾನಕ್ಕೆ 30 ಅಡಿಯ ಉದ್ದ ಹಗ್ಗ.

ಇದನ್ನು ಹಟಮಾರಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮನುಷ್ಯನ ಮುಂದೆ ಹೋಗಿ ತಾನೇ ದಾರಿ ಹುಡುಕಲಿ ಅಂತ ನೂರಾರು ವರ್ಷ ಬೆಳೆಸಿದ ನಾಯಿ, ತಿರುಗಿ ನೋಡಿ ಅಪ್ಪಣೆ ಕೇಳುವುದು ಅದರ ಕಸುಬಿನಲ್ಲೇ ಇಲ್ಲ. ಗದರಿದರೆ ಅಲ್ಲೇ ಕೂತುಬಿಡುತ್ತದೆ. ತಿಂಡಿ ತೋರಿಸಿ ಕಲಿಸಿ, ಪಾಠ ಐದು ನಿಮಿಷ ಮೀರದಿರಲಿ. ದಿನಕ್ಕೊಂದು ವಾಕಿಂಗ್ ಪೂರ್ತಿ ಅದರದ್ದಾಗಲಿ. ಒಂದೇ ಕಂಬವನ್ನು ಹತ್ತು ನಿಮಿಷ ಮೂಸಿದರೂ ನಿಂತು ಕಾಯಿರಿ, ಮೈಲಿ ನಡೆದದ್ದಕ್ಕಿಂತ ಆ ಹತ್ತು ನಿಮಿಷ ಅದನ್ನು ಹೆಚ್ಚು ದಣಿಸುತ್ತದೆ. ಮಳೆಗಾಲದ ದಿನ ಮನೆಯೊಳಗೆ ಏಳೆಂಟು ಕಡೆ ತಿಂಡಿ ಬಚ್ಚಿಟ್ಟು ‘ಹುಡುಕು’ ಅನ್ನಿ.

ಗುಂಪಿನಲ್ಲಿ ಬದುಕಿದ ತಳಿಯಾದ್ದರಿಂದ ಒಂಟಿತನ ಇವಕ್ಕೆ ಆಗದು. ಮೊದಲು ಎರಡು ನಿಮಿಷ, ಆಮೇಲೆ ಹತ್ತು, ಅರ್ಧ ಗಂಟೆ ಹೀಗೆ ಬಿಟ್ಟು ಹೋಗುವುದನ್ನು ಕಲಿಸಿ. ಇಬ್ಬರೂ ದಿನವಿಡೀ ಆಫೀಸಿಗೆ ಹೋಗುವವರಾದರೆ ಒಟ್ಟಿಗೆ ಬೆಳೆದ ಜೋಡಿ ನಾಯಿಗಳನ್ನೇ ಕೇಳಿ. ಬೇರ್ಪಡಿಸಬಾರದ ಜೋಡಿಗಳು ರೆಸ್ಕ್ಯೂಗಳಲ್ಲಿ ಕಾಯುತ್ತಾ ಇರುತ್ತವೆ.

ಚಳಿಗಾಲದಲ್ಲಿ ಆರು ಇಂಚು ಹಿಮ ಬಿದ್ದರೆ ನಮಗೆ ಕಣಕಾಲಿನಷ್ಟು, ಅದಕ್ಕೆ ಹೊಟ್ಟೆಯಷ್ಟು. ಹಿತ್ತಲಲ್ಲಿ ಒಂದು ಕಾಲುದಾರಿ ತೋಡಿಡಿ, ಒಳಗೆ ಬಂದ ಮೇಲೆ ಪಾದಕ್ಕೆ ಅಂಟಿದ, ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪನ್ನು ತೊಳೆಯಿರಿ. ಪಟಾಕಿ ಸಿಡಿಯುವ ಜುಲೈ 4 (ಅಮೆರಿಕದ ಸ್ವಾತಂತ್ರ್ಯ ದಿನ) ಮತ್ತು ದೀಪಾವಳಿಯ ಸಂಜೆ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ.

ಊರಿಗೆ ವಾಪಸಾಗುವವರಿಗೆ, ಊರಲ್ಲೇ ಇರುವವರಿಗೆ

ಬೆಂಗಳೂರಿಗೆ ಮರಳುವವರು ನಾಯಿಯನ್ನು ಇಲ್ಲೇ ಬಿಟ್ಟು ಹೋಗಬೇಕಿಲ್ಲ. ಮೈಕ್ರೋಚಿಪ್, ರೇಬೀಸ್ ಲಸಿಕೆ, ಅಮೆರಿಕದ ಕೃಷಿ ಇಲಾಖೆ ದೃಢೀಕರಿಸಿದ ಆರೋಗ್ಯ ಪತ್ರ, ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ತಿಂಗಳುಗಳ ಮೊದಲೇ ಶುರುಮಾಡಿ. ರಜೆಗೆ ಜೊತೆಗೆ ಕರೆದೊಯ್ಯುವ ಯೋಚನೆ ಮಾತ್ರ ಬೇಡ. 2024ರ ಆಗಸ್ಟ್ 1ರಿಂದ ಅಮೆರಿಕದ ನಿಯಮ ಬಿಗಿಯಾಗಿದೆ, ರೇಬೀಸ್ ಅಪಾಯದ ದೇಶಗಳ ಪಟ್ಟಿಯಲ್ಲಿ ಭಾರತವೂ ಇರುವುದರಿಂದ ವಾಪಸು ತರಲು ಹೆಚ್ಚಿನ ಕಾಗದಪತ್ರ ಬೇಕಾಗುತ್ತದೆ.

ಬೆಂಗಳೂರಿನಲ್ಲೂ ಬೀದಿಗೆ ಬಿಟ್ಟ ತಳಿ ನಾಯಿಗಳು ಸಿಗುತ್ತಿವೆ, ಅವುಗಳಲ್ಲಿ ಬ್ಯಾಸೆಟ್ ಕೂಡ ಇರುತ್ತವೆ. 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳು ಇಂಥವಕ್ಕೆ ಮನೆ ಹುಡುಕುತ್ತವೆ, ದುಡ್ಡು ಕೊಟ್ಟು ಮರಿ ಕೊಳ್ಳುವ ಮೊದಲು ಅಲ್ಲಿ ಕೇಳಿ. ಊರಿನ ಹವೆಯಲ್ಲಿ ಕಿವಿ, ಚರ್ಮದ ಮಡಿಕೆ ಇನ್ನೂ ಬೇಗ ಕೆಡುತ್ತವೆ. ಉಣ್ಣಿಜ್ವರದ ಭಯವೂ ಇದೆ, ಹುಲ್ಲಿಗೆ ಉಜ್ಜುವ ಹೊಟ್ಟೆಯನ್ನು, ಕಿವಿಯ ಒಳಬದಿಯನ್ನು ದಿನವೂ ತಡವಿ ಉಣ್ಣಿ ತೆಗೆಯಿರಿ.

ಮೊದಲ ವರ್ಷದ ಕೊನೆಗೆ

ಡ್ವೈಟ್ ಊರು ಹಳೇ ರೂಟ್ 66 ಹೆದ್ದಾರಿಯ ಮೇಲಿದೆ, ಶಿಕಾಗೋದಿಂದ ನೈಋತ್ಯಕ್ಕೆ. ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯುವ ಬ್ಯಾಸೆಟ್ ವಾಡಲ್‌ಗೆ ಒಮ್ಮೆ ಹೋಗಿ. ರೆಸ್ಕ್ಯೂಗೆ ಹಣ ಕೂಡಿಸಲು ನೂರಾರು ಬ್ಯಾಸೆಟ್‌ಗಳು ಊರ ಬೀದಿಯಲ್ಲಿ ಒಟ್ಟಿಗೆ ಮೆರವಣಿಗೆ ಹೊರಡುತ್ತವೆ. ಮೂರು ಕಾಲಿನವು, ಕಣ್ಣಿಲ್ಲದವು, ನಡೆಯಲಾಗದೆ ಗಾಡಿಯಲ್ಲಿ ಕೂತವು ಎಲ್ಲವೂ ಇರುತ್ತವೆ. ಹೇಜಲ್‌ಳ ಫಾಸ್ಟರ್ ಮನೆಯವರು ಅಲ್ಲಿ ಸಿಕ್ಕಿದ್ದರು. ಅವರ ಪ್ಯಾಂಟಿನ ಅಂಚನ್ನು ಎರಡು ನಿಮಿಷ ಮೂಸಿ, ಬಾಲ ಬೀಸಿ, ತಿರುಗಿ ನನ್ನ ಕಾಲ ಮೇಲೆ ಬಂದು ಕೂತಳು.

ಅದೇ ನವೆಂಬರಿನಲ್ಲಿ ಅಮ್ಮ ಊರಿಗೆ ಹೊರಟರು. ಮನೆಯವರೊಬ್ಬರು ಹೀಗೆ ಹೊರಟಾಗ ಮತ್ತೆ ಮನೆ ತಪ್ಪಿತೇನೋ ಅಂತ ರೆಸ್ಕ್ಯೂ ನಾಯಿ ಹೆದರಬಹುದು. ಊಟ ಬಿಡುತ್ತವೆ, ಬಾಗಿಲು ಕಾಯುತ್ತವೆ. ಹೋಗುವವರು ಉಟ್ಟ ಬಟ್ಟೆಯೊಂದನ್ನು ಒಗೆಯದೆ ಬಿಟ್ಟುಹೋಗಲಿ, ಅದನ್ನು ಹಾಸಿಗೆಯ ಮೇಲಿಡಿ, ದಿನಚರಿ ಒಂದು ನಿಮಿಷವೂ ತಪ್ಪದಿರಲಿ. ಅಮ್ಮ ತಮ್ಮ ಹಸಿರು ಶಾಲು ಬಿಟ್ಟುಹೋಗಿದ್ದಾರೆ. ವಿಮಾನ ನಿಲ್ದಾಣದಿಂದ ಬಂದ ರಾತ್ರಿ ಹೇಜಲ್ ಬಾಗಿಲವರೆಗೆ ಹೋಗಿ ಸಂದಿಯನ್ನು ಒಂದು ಸಲ ಮೂಸಿದಳು. ಆಮೇಲೆ ವಾಪಸು ಬಂದು, ಶಾಲಿನ ಮಡಿಕೆಯೊಳಗೆ ಮೂಗು ತೂರಿಸಿ ಮಲಗಿದಳು. ಅದನ್ನು ನಾನು ಇನ್ನೂ ಒಗೆದಿಲ್ಲ.